ಮೂರನೇ ಹಾಡಿನ ಶ್ರುತಿ

ಎಂಟು ತಿಂಗಳಿಂದ ಈ ಕಡೆ ತಲೆ ಹಾಕದಿದ್ದ ಅಂಬುಜ ಶನಿವಾರ ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಪುಟ್ಟರಾಜು ಮೈಕಿನ ವೈರು ಸುತ್ತುತ್ತಿದ್ದ. ಅವಳನ್ನು ಕಂಡವನೇ ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದ. ಕೈಗೆ ಏನಾದರೂ ಕೆಲಸ ಬೇಕಲ್ಲ!

"ಚೆನ್ನಾಗಿದೀರಾ?" ಎಂದಳು.

"ಇವ್ನಿ ಅಂಬುಜಮ್ಮೋರೇ. ಕೂತ್ಕಳಿ."

ಅಮ್ಮೋರೇ! ಆರು ವರ್ಷ ಅಭ್ಯಾಸದಲ್ಲಿ ತಾಳ ತಪ್ಪಿದಾಗಲೆಲ್ಲ "ಏಯ್ ಅಂಬುಜಾ, ಎಲ್ಲಿಗೋಯ್ತು ನಿನ್ ಗ್ಯಾನ?" ಎಂದು ಗದರಿದ್ದ ಬಾಯಿ ಅದು. ಅವಳು ತುಟಿಯಂಚಿನಲ್ಲೇ ನಕ್ಕಳು. ನೋಡಬಾರದು ಎಂದುಕೊಳ್ಳುತ್ತಲೇ ಅವನು ಆ ನಗುವನ್ನು ಪೂರ್ತಿ ನೋಡಿಬಿಟ್ಟ.

ಅದು ಅರವತ್ತೊಂದನೇ ಇಸವಿ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವನು ಪುಟ್ಟರಾಜು. ಅವಳು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಟೀಚರು. ಅವನ ಮಟ್ಟು, ಅವನ ಹಾರ್ಮೋನಿಯಂ, ಅವಳ ದನಿ ಸೇರಿ ಬೆಂಗಳೂರಿನ ಸಣ್ಣದೊಂದು ಕಂಪನಿಯಲ್ಲಿ ಎರಡು ಗ್ರಾಮಫೋನ್ ಪ್ಲೇಟುಗಳಾಗಿದ್ದವು. ಅತ್ತ ಅರಕಲಗೂಡು, ಇತ್ತ ಚನ್ನರಾಯಪಟ್ಟಣ, ಎಲ್ಲಿ ಚಪ್ಪರ ಎದ್ದರೂ ಮೊದಲು ಅವಳ ಹಾಡು ಕೇಳಬೇಕು, ಆಮೇಲೆ ಓಲಗ. ಅಷ್ಟರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಮದರಾಸಿನ ದೊಡ್ಡ ಕಂಪನಿಯಿಂದ ಅವಳಿಗೆ ಕರೆ ಬಂತು. ಹಾಡುವವರು ಒಬ್ಬರೇ ಬನ್ನಿ, ವಾದ್ಯದವರು ನಮ್ಮಲ್ಲೇ ಇದ್ದಾರೆ ಎಂದು ಬರೆದಿದ್ದರು.

"ಓಗ್ಬನ್ನಿ, ಒಳ್ಳೇದಾಗ್ಲಿ" ಎಂದಷ್ಟೇ ಹೇಳಿ ಅವನು ಮುಖ ತಿರುಗಿಸಿದ್ದ. ಅವಳು ಹೋಗಿ ನಾಲ್ಕು ಹಾಡು ಹಾಡಿ ಊರಿಗೆ ಮರಳಿದ್ದಳು. ಅವನು ಮುನಿಸಿಕೊಂಡ ಎಂದು ಇವಳು, ಇವಳಿಗೆ ತನ್ನ ಹಂಗು ಬೇಡವಾಯಿತು ಎಂದು ಅವನು. ಇಬ್ಬರೂ ಜಾಣರೇ, ಆದರೆ ಎಂಟು ತಿಂಗಳು ಹಾಳು ಮಾಡಿಕೊಂಡರು.

ಅವಳು ಚೀಲದಿಂದ ಟವೆಲಿನಲ್ಲಿ ಸುತ್ತಿದ ಎರಡು ಪ್ಲೇಟು ತೆಗೆದಿಟ್ಟಳು. ನಡುವಿನ ಕಾಗದ ಬರೀ ಬಿಳಿ, ಹೆಸರಿಲ್ಲ.

"ಸ್ಯಾಂಪಲ್ ಕಳಿಸಿದ್ದಾರೆ. ನಾನು ಒಪ್ಪಿಗೆ ಅಂತ ಬರೆದರೆ ಬಿಡುಗಡೆ. ಆಮೇಲೆ ಮೂರು ವರ್ಷದ ಕರಾರು, ಮದರಾಸಲ್ಲೇ ಇರಬೇಕು."

"ಒಪ್ದೇ ಓದ್ರೆ?"

"ಅಲ್ಲಿಗೆ ಮುಗೀತು. ಇನ್ನೊಂದು ಸಲ ಕರೆಯೋದಿಲ್ಲ." ಅವಳು ಬಳೆ ತಿರುಗಿಸುತ್ತಾ ಹೇಳಿದಳು. "ಅಲ್ಲಿ ಎಲ್ಲರೂ ಚೆನ್ನಾಗಿದೆ ಅಂದರು. ಅವರು ಎಲ್ಲರಿಗೂ ಹಾಗೇ ಅನ್ನೋದು. ನಿಮ್ಮ ಕಿವಿ ಏನು ಹೇಳುತ್ತೋ ಅದನ್ನೇ ನಾನು ಬರೆಯೋದು."

ಹೇಳಿದವಳೇ ಹೊರಗೆ ಹೋಗಿ, ಎರಡೂ ಕಿವಿಗೆ ಸೆರಗು ಒತ್ತಿಕೊಂಡು ಜಗಲಿಯ ತುದಿಯಲ್ಲಿ ಕೂತಳು. ಮೊದಲಿನಿಂದಲೂ ಹಾಗೇ. ತನ್ನ ದನಿಯನ್ನು ತಾನು ಕೇಳಲು ಅವಳಿಗೆ ಎಲ್ಲಿಲ್ಲದ ಭಯ.

ಪುಟ್ಟರಾಜು ಗ್ರಾಮಫೋನಿಗೆ ಕೀ ಕೊಟ್ಟು ಮುಳ್ಳು ಇಳಿಸಿದ. ಮೊದಲೆರಡು ಹಾಡು ಮುಗಿದವು. ಚೆನ್ನಾಗಿದ್ದವು, ಆದರೆ ತಾನೂ ಇಷ್ಟು ಮಾಡುತ್ತಿದ್ದೆ ಎಂದುಕೊಂಡ. ಎರಡನೇ ಪ್ಲೇಟಿಟ್ಟ. ತಂಬೂರಿಯ ಹಿಂದೆಯೇ ಮೂರನೇ ಹಾಡು ಶುರುವಾಯಿತು. ಅವನ ಕೈ ಅಲ್ಲೇ ನಿಂತಿತು.

ಹೆಸರೂ ಗೊತ್ತಿಲ್ಲದ ಆ ಮದರಾಸಿನ ಸಂಗೀತಗಾರ ಅವಳನ್ನು ಎಂದಿಗಿಂತ ಕೆಳಗಿನ ಶ್ರುತಿಯಲ್ಲಿ ಹಾಡಿಸಿದ್ದ. ಮೆತ್ತಗಿನ, ಸ್ವಲ್ಪ ದಣಿದಂಥ ದನಿ. ಅದು ಪುಟ್ಟರಾಜುವಿಗೆ ಹೊಸದಲ್ಲ. ಅಭ್ಯಾಸದ ನಡುವೆ ಮಕ್ಕಳ ಪರೀಕ್ಷೆ ಪೇಪರು ತಿದ್ದುತ್ತಾ, ಯಾರೂ ಕೇಳುತ್ತಿಲ್ಲವೆಂದು ಗುನುಗುವಾಗ ಅವಳ ದನಿ ಹೀಗೇ ಇರುತ್ತಿತ್ತು. ಅದು ತನ್ನೊಬ್ಬನಿಗೇ ಗೊತ್ತಿರುವುದು ಎಂದು ಅವನು ಒಳಗೊಳಗೇ ಬೀಗಿದ್ದ. ಈಗ ಊರಿಗೆಲ್ಲ ಕೇಳಿಸಲಿದೆ. ಇಷ್ಟು ಚೆಂದದ ಹಾಡನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ, ಇಷ್ಟು ಸಂಕಟವನ್ನೂ ಪಟ್ಟಿರಲಿಲ್ಲ.

ಪಕ್ಕದ ಹೋಟೆಲಿನ ತಮ್ಮಯ್ಯ ಕೈ ಒರೆಸಿಕೊಳ್ಳುತ್ತಾ ಓಡಿಬಂದ. "ಯಾರ್ಲಾ ಪುಟ್ರಾಜು ಇದು? ಕೇಳ್ತಾ ನಿಂತ್ಬುಟ್ಟೆ ಕಣ್ಲಾ, ಹಾಲೆಲ್ಲ ಉಕ್ಕೋಯ್ತು!"

ಗೊಣಗಿಕೊಂಡೇ ಅವನು ಹಾಲಿನ ಪಾಡು ನೋಡಲು ಹೋದ. ನಾಲ್ಕನೇ ಹಾಡೂ ಮುಗಿಯಿತು. ಅಂಬುಜ ಒಳಗೆ ಬಂದಳು.

"ತಮ್ಮಯ್ಯನವರು ಓಡಿಬಂದದ್ದು ಕಂಡೆ. ಅವರದು ಬಿಡಿ. ನೀವು ಹೇಳಿ."

ಪುಟ್ಟರಾಜು ಅವಳ ಮುಖ ನೋಡಲಿಲ್ಲ. "ಮೂರ್ನೇ ಪದದಲ್ಲಿ... ಚರಣಕ್ಕೆ ಬರೋವಾಗ ದನಿ ಶ್ರುತಿ ಬುಟ್ಟು ಇಳ್ದದೆ."

ಹೇಳಿಬಿಟ್ಟ. ಅವಳು ಇಲ್ಲ ಎಂದು ಜಗಳವಾಡಿದ್ದರೆ ಅವನು ಬಚಾವಾಗುತ್ತಿದ್ದ. ಅವಳು ಒಂದೇ ಏಟಿಗೆ ನಂಬಿದಳು.

"ನನಗೂ ಅನುಮಾನ ಇತ್ತು" ಎಂದಳು. ಮುಖ ಬಿಳಿಚಿತು. ಕಾಗದ ಕೇಳಿ ಪಡೆದು, ಮೇಜಿನ ಮೇಲೆ ಬಾಗಿ ಎರಡು ಸಾಲು ಬರೆದಳು. ನನಗೆ ಒಪ್ಪಿಗೆ ಇಲ್ಲ, ಬಿಡುಗಡೆ ಮಾಡಬೇಡಿ.

"ಓಗ್ಲಿ ಬುಡಿ. ನಾಳೆಯಿಂದ ಇಲ್ಲೇ ಅಭ್ಯಾಸ ಶುರು ಮಾಡಾಣ" ಎಂದ ಅವನು. ಆಸೆ ದನಿಯಲ್ಲಿ ಇಣುಕಿತು.

"ಇಲ್ಲ ಪುಟ್ಟರಾಜು ಅವರೇ. ಶ್ರುತಿಯೇ ನಿಲ್ಲದವಳು ಯಾವ ಮುಖ ಇಟ್ಟುಕೊಂಡು ಹಾಡಲಿ? ಇನ್ನು ಹಾಡೋದಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಂಡು ಇರ್ತೀನಿ."

ಪ್ಲೇಟುಗಳನ್ನು ಅಲ್ಲೇ ಬಿಟ್ಟು ಅವಳು ಸ್ಟೇಷನ್ನಿನ ಕಡೆ ನಡೆದಳು. ಶನಿವಾರ ಪೋಸ್ಟಾಫೀಸು ಬೇಗ ಮುಚ್ಚುತ್ತದೆ. ನಾಲ್ಕು ಗಂಟೆಯ ಮೈಸೂರು ರೈಲಿನ ಟಪಾಲು ಡಬ್ಬಿಗೆ ಹಾಕಿದರೆ ಕಾಗದ ಅವತ್ತೇ ಹೊರಡುತ್ತದೆ.

ಪುಟ್ಟರಾಜು ತಲೆ ಮೇಲೆ ಕೈ ಹೊತ್ತು ಕೂತ. ಅವಳನ್ನು ಉಳಿಸಿಕೊಳ್ಳಲು ಹೋಗಿ ಅವಳ ಬಾಯನ್ನೇ ಕಟ್ಟಿಹಾಕಿದ್ದ. ಹಾಡದ ಅಂಬುಜ ಇದೇ ಬೀದಿಯಲ್ಲಿ ದಿನಾ ಓಡಾಡುವುದನ್ನು ನೋಡುತ್ತಾ ಕೂರುವುದೇ? ಅಂಗಡಿ ಹಾಗೇ ತೆರೆದುಬಿಟ್ಟು ಸೈಕಲ್ ಹತ್ತಿದ.

ರೈಲು ಬಂದು ನಿಂತಿತ್ತು. ಟಪಾಲು ಡಬ್ಬಿಯ ಸಂದಿಗೆ ಅವಳು ಕೈ ಎತ್ತುವಷ್ಟರಲ್ಲಿ ಅವನು ಏದುಸಿರು ಬಿಡುತ್ತಾ ಅಡ್ಡ ನಿಂತ.

"ಆಕ್ಬೇಡಿ. ಶ್ರುತಿ ಇಳ್ದಿಲ್ಲ. ನಾನ್ ಸುಳ್ಳೇಳ್ದೆ."

"ಯಾಕೆ?"

"ನೀವ್ ಮದ್ರಾಸಿಗೆ ಓಗ್ಬಾರ್ದು ಅಂತ."

ಅವಳ ಕಣ್ಣಲ್ಲಿ ನೀರಿಗಿಂತ ಮೊದಲು ಬೆಂಕಿ ಬಂತು. "ಇಡೀ ಪ್ರಪಂಚದಲ್ಲಿ ನಾನು ನಂಬಿದ್ದು ನಿಮ್ಮ ಕಿವಿ ಒಂದನ್ನೇ. ಆಗ ಹೇಳಿದ್ದು ಸುಳ್ಳು ಅಂತೀರಿ. ಈಗ ಕನಿಕರಕ್ಕೆ ಸುಳ್ಳು ಹೇಳ್ತಿಲ್ಲ ಅಂತ ಹೇಗೆ ನಂಬಲಿ?"

"ನಂಬ್ಬೇಡಿ. ನನ್ನ ನಂಬ್ಲೇಬೇಡಿ. ನೀವೇ ಬಂದು ಕೇಳಿ."

ರೈಲು ಹೊರಟಿತು. ಕಾಗದ ಅವಳ ಕೈಯಲ್ಲೇ ಉಳಿಯಿತು. ಅವಳು ಮುಂದೆ, ಅವನು ಸೈಕಲ್ ತಳ್ಳಿಕೊಂಡು ಹಿಂದೆ. ದಾರಿಯಲ್ಲಿ ಕಂಡವರು ಏನಂದುಕೊಂಡರೋ, ಇಬ್ಬರಿಗೂ ಅದರ ಕಡೆ ಗಮನವಿರಲಿಲ್ಲ.

ಅಂಗಡಿಗೆ ಬಂದದ್ದೇ ಅವನು ಹಾರ್ಮೋನಿಯಂನಲ್ಲಿ ಒಂದೇ ಸ್ವರ ಒತ್ತಿ ಹಿಡಿದ. ಅವಳೇ ಮೂರನೇ ಹಾಡಿಟ್ಟು, ಪ್ಲೇಟಿನ ತಂಬೂರಿ ಆ ಸ್ವರಕ್ಕೆ ಸೇರುವವರೆಗೆ ವೇಗದ ತಿರುಪು ತಿರುಗಿಸಿದಳು. ಆಮೇಲೆ, ಮೊಟ್ಟಮೊದಲ ಸಲ, ಅಂಬುಜ ಅಂಬುಜಳ ಹಾಡು ಕೇಳಿದಳು.

ಕಣ್ಣು ಮುಚ್ಚಿದ್ದಳು. ಸೆರಗಿನ ತುದಿಯನ್ನು ಹಿಂಡುತ್ತಿದ್ದ ಬೆರಳುಗಳು ಚರಣ ಬರುವ ಹೊತ್ತಿಗೆ ಸಡಿಲವಾದವು. ಅವನು ಆ ಬೆರಳುಗಳನ್ನೇ ನೋಡುತ್ತಾ ತಿದಿ ಒತ್ತುತ್ತಿದ್ದ. ಹಾಡು ಮುಗಿದು ಮುಳ್ಳು ಕರಕರ ಎನ್ನುತ್ತಿದ್ದರೂ ಯಾರೂ ಎತ್ತಲಿಲ್ಲ.

"ಇಳಿದಿಲ್ಲ" ಎಂದಳು.

"ಇಲ್ಲ."

"ಚೆನ್ನಾಗಿದೆ. ನನ್ನ ದನಿ ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ."

"ನಂಗೊತ್ತಿತ್ತು." ಪುಟ್ಟರಾಜು ತಲೆ ತಗ್ಗಿಸಿದ. ಇಷ್ಟಾದ ಮೇಲೆ ಉಳಿದದ್ದನ್ನು ಬಚ್ಚಿಡಲು ಅವನಿಗೆ ಮನಸ್ಸಾಗಲಿಲ್ಲ. "ಪೇಪರ್ ತಿದ್ದೋವಾಗ ನೀವ್ ಗುನುಗೋದು ಇದೇ ದನೀಲೇ. ಆದ್ರೂ ಪ್ಲೇಟಿಗೆ ಮೇಲಿನ್ ಶ್ರುತೀಲೇ ಹಾಡಿಸ್ದೆ. ಮೈಕಿಗೆ ಅದೇ ಸರಿ ಅಂತ ನಂಗ್ ನಾನೇ ಏಳ್ಕಂಡೆ. ಇದು ಇನ್ನೊಬ್ರ ಕಿವಿಗೆ ಬೀಳ್ಬಾರ್ದು ಅನ್ನೋ ದುರಾಸೆ ಅದು."

"ಆರು ವರ್ಷ?"

"ಊಂ."

ಅವಳು ಕರಕರ ಎನ್ನುತ್ತಿದ್ದ ಮುಳ್ಳನ್ನು ಎತ್ತಿಟ್ಟಳು. "ಬಚ್ಚಿಟ್ಟಿರಿ, ಮುನಿಸಿಕೊಂಡಿರಿ, ಸುಳ್ಳು ಹೇಳಿದಿರಿ. ಇಷ್ಟೆಲ್ಲ ಕಷ್ಟಪಡೋ ಬದಲು ಬಾಯಿ ಬಿಟ್ಟು ಒಂದು ಮಾತು ಹೇಳೋದಕ್ಕೆ ಏನಾಗಿತ್ತು?"

"ನೀನ್ ಬೇಕು ಅಂಬುಜಾ" ಎಂದುಬಿಟ್ಟ.

ಈಗ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಹಳೆಯ ಕಾಗದ ಹರಿದಳು. ಹೊಸದರಲ್ಲಿ, ಒಪ್ಪಿಗೆ ಇದೆ, ಬಿಡುಗಡೆ ಮಾಡಿ, ನಾನು ಬರುತ್ತೇನೆ ಎಂದು ಬರೆದು, ಅಂಟಿಸಿ, ಅವನ ಕೈಗೇ ಕೊಟ್ಟಳು.

"ನಾಳೆ ಬೆಳಗಿನ ರೈಲಿಗೆ ನೀವೇ ಹಾಕಬೇಕು. ಹಾಕಿದಿರಾ ಅಂತ ನಾನು ಕೇಳೋದಿಲ್ಲ."

ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು. ಬೆಳಗ್ಗೆ ರೈಲು ಬಂದಾಗ ಪುಟ್ಟರಾಜುವಿನ ಬೆರಳು ಕಾಗದವನ್ನು ಬಿಡಲು ಒಪ್ಪಲೇ ಇಲ್ಲ. ಸೀಟಿ ಊದಿದ ಮೇಲೆ ಕಣ್ಣು ಮುಚ್ಚಿ ಒಳಕ್ಕೆ ತಳ್ಳಿದ. ಆಮೇಲೆ ನೆಟ್ಟಗೆ ಕೋಟೆಯ ಹತ್ತಿರದ ಅವಳ ಮನೆಗೆ ಹೋದ. ಆ ಮನೆಯ ಜಗಲಿ ದಾಟಿ ಅವನು ಎಂದೂ ಒಳಗೆ ಹೋದವನಲ್ಲ. ಅವನು ಯಾವ ಜಾತಿ, ತಾವು ಯಾವ ಜಾತಿ ಎಂಬುದನ್ನು ಅವಳ ತಾಯಿ ಸುಂದರಮ್ಮ ಒಂದು ದಿನವೂ ಮರೆತವರಲ್ಲ. ಕಿಟಕಿಯಲ್ಲಿ ಅವನನ್ನು ಕಂಡು ಅವರು ಮುಖ ಸಿಂಡರಿಸಿದರು. ಅಂಬುಜ ಹೊಸ್ತಿಲಿಗೆ ಬಂದು ನಿಂತಳು.

"ಆಕ್ದೆ" ಎಂದ.

ಅವಳು ತಲೆಯಾಡಿಸಿದಳು. ಒಳಗಿನಿಂದ ತಾಯಿ ಕೆಮ್ಮಿದರು. ಅವಳು ಹಿಂದಿರುಗಿ ನೋಡಲಿಲ್ಲ.

"ಮೂರು ವರ್ಷ" ಎಂದಳು, ಆ ಕೆಳಗಿನ ಶ್ರುತಿಯಲ್ಲೇ. "ಆಮೇಲೂ ಈ ಮನೆಯವರು ಒಪ್ಪೋದಿಲ್ಲ. ಕಾಯ್ತೀರಾ?"

"ಕಾಯ್ತೀನಿ."

ಅಂಬುಜ ಕಣ್ಣು ಮುಚ್ಚಿ, ಆ ಒಂದು ಮಾತನ್ನು ಕಿವಿಯಲ್ಲೇ ಹಿಡಿದಿಟ್ಟುಕೊಂಡು ನಿಂತಳು.

"ಇದು ಸುಳ್ಳಲ್ಲ" ಎಂದಳು.