ಬೆಳ್ಳಿ ತಟ್ಟೆಯ ಮುಳ್ಳುಹಂದಿ

ಏಳು ಬೆಟ್ಟಗಳ ಆಚೆ, ಎಂಟನೆಯದರ ನೆರಳಿನಲ್ಲಿ, ಬಹಳ ಹಿಂದೆ ಶಾಂತಾವತಿ ಎಂಬ ರಾಜ್ಯವಿತ್ತು. ಅಲ್ಲಿ ಜಗಳವಿರಲಿಲ್ಲ, ಕೊಲೆಯಿರಲಿಲ್ಲ, ಸೆರೆಮನೆಯಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದವು. ಕೇಳಿದರೆ ಯಾರಿಗಾದರೂ ಅಲ್ಲಿಗೆ ಹೋಗಿ ನೆಲೆಸಬೇಕು ಎನಿಸುತ್ತದೆ. ಆ ಶಾಂತಿ ಹೇಗೆ ಬಂತು ಎಂದು ಹೇಳುವಾಗ ಮಾತ್ರ ಕತೆ ಹೇಳುವವರ ದನಿ ತಗ್ಗುತ್ತದೆ. ನನ್ನದೂ ತಗ್ಗುತ್ತದೆ.

ಆ ರಾಜ್ಯದ ಹಿರಿಯ ಅರಸನನ್ನು ಅವನ ತಮ್ಮನೇ ಊಟದ ಎಲೆಯ ಮುಂದೆ ಇರಿದು ಕೊಂದಿದ್ದ. ಸತ್ತವನ ಮಗ ಶಾಂತವೀರ ಪಟ್ಟಕ್ಕೆ ಬಂದವನೇ ಒಂದು ಹಟ ಹಿಡಿದ. ತನ್ನ ರಾಜ್ಯದಲ್ಲಿ ಇನ್ನು ಕೊಲೆಗಾರ ಹುಟ್ಟಲೇಬಾರದು! ಆಗ ಕಾಡಿನಿಂದ ಕುಳಿಗಣ್ಣ ಎಂಬ ಮಾಂತ್ರಿಕ ಬಂದ. ಹಣ್ಣು ಹಣ್ಣು ಮುದುಕ. ತೆಂಗಿನಕಾಯಿ ಗಾತ್ರದ ಒಂದು ಮುಳ್ಳುಹಂದಿಯನ್ನು ಅರಸನ ಕೈಗಿತ್ತ.

"ಇದನ್ನು ಬಸುರಿಯ ಮುಂದೆ ಹಿಡಿಯಿರಿ. ಹೊಟ್ಟೆಯಲ್ಲಿರುವುದು ಕೊಲ್ಲುವ ಕೂಸಾದರೆ ಮುಳ್ಳೇಳುತ್ತದೆ."

"ಇದಕ್ಕೆ ನಿನಗೇನು ಕೊಡಬೇಕು?" ಎಂದ ಅರಸ.

"ಏನೂ ಬೇಡ. ಮುಳ್ಳೆದ್ದ ಮನೆಯವರು ಆ ಮಾತನ್ನು ಯಾರೆದುರೂ ಆಡಬಾರದು. ಅಷ್ಟು ಸಾಕು."

ಅರಸನಿಗೆ ಇದು ಬಹಳ ಅಗ್ಗವೆನಿಸಿತು.

ಅಂದಿನಿಂದ ಬಸುರಿಯರಿಗೆ ಹಸಿರು ಬಳೆ ತೊಡಿಸುವ ಶಾಸ್ತ್ರ ಅರಮನೆಯ ಅಂಗಳದಲ್ಲೇ ನಡೆಯತೊಡಗಿತು. ಬಳೆ ತೊಟ್ಟು ಹೆಣ್ಣು ಮಣೆಯ ಮೇಲೆ ಕೂರುತ್ತಿದ್ದಳು. ಬೆಳ್ಳಿ ತಟ್ಟೆಯಲ್ಲಿ ಮುಳ್ಳುಹಂದಿ ಬರುತ್ತಿತ್ತು. ಮುಳ್ಳು ಮಲಗಿದ್ದರೆ ಆರತಿ, ಹಾಡು, ಸಕ್ಕರೆ. ಎದ್ದರೆ ಬಳೆ ಬಿಚ್ಚಿಸಿ, ಬಸಿರು ಕಳೆಯುವ ಅರಮನೆಯ ಕಷಾಯ ಕುಡಿಸಿ, ಹಿಂಬಾಗಿಲಿನಿಂದ ಮನೆಗೆ ಕಳಿಸುತ್ತಿದ್ದರು. ಬೇಕೇ ಬೇಡವೇ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ನೋವಾಯಿತೇ ಎಂದೂ ಕೇಳುತ್ತಿರಲಿಲ್ಲ. ಅವಳು ನೀರಿಗೆ ಬಂದರೆ ನೆರೆಯವರು ತಮ್ಮ ಕೊಡವನ್ನು ಒಂದಿಷ್ಟು ಆಚೆ ಸರಿಸಿಕೊಳ್ಳುತ್ತಿದ್ದರು. ರಾಜ್ಯ ಶಾಂತವಾಗಿತ್ತು, ಅದೇನೋ ನಿಜ.

ತಟ್ಟೆ ಹಿಡಿಯುವ ಕೆಲಸ ಯುವರಾಜ ವಿನೀತವರ್ಮನದು. ಕುದುರೆಗೂ ಚಾಟಿ ಬೀಸಿದವನಲ್ಲ. ಹೆಂಗಸರ ಮುಖ ನೋಡಲಾಗದೆ ತಲೆ ಬಗ್ಗಿಸಿಕೊಂಡೇ ತಟ್ಟೆ ಹಿಡಿಯುತ್ತಿದ್ದ, "ಮುಳ್ಳೆದ್ದಿದೆ" ಎಂದು ಬಹಳ ಮೆಲ್ಲಗೆ ಹೇಳುತ್ತಿದ್ದ. ಎಷ್ಟು ಮೃದು, ಎಂಥ ಕರುಣೆ ಎಂದು ಜನ ಹೊಗಳುತ್ತಿದ್ದರು. ಹೊಗಳಿಸಿಕೊಳ್ಳುವುದು ಅವನಿಗೂ ಹಿತವಾಗಿತ್ತು.

ಹೀಗಿರಲು ಅವನ ಹೆಂಡತಿ ಕುವಲಯೆ ಬಸುರಾದಳು. ಅವಳಿಗೂ ಹಸಿರು ಬಳೆ ತೊಡಿಸಿದರು, ಅವಳೂ ಮಣೆಯ ಮೇಲೆ ಕೂತಳು. ವಿನೀತವರ್ಮ ತಟ್ಟೆ ಹಿಡಿದು ಬಾಗಿದ. ಮುಳ್ಳುಹಂದಿ ಅವಳ ಕಡೆ ಮೂಗು ಚಾಚಿತು, ಮೈಯೆಲ್ಲ ಮುಳ್ಳು ಭರ್ರೆಂದು ಎದ್ದಿತು.

ಯುವರಾಜ ಹೆಗಲ ಮೇಲಿನ ಶಲ್ಯವನ್ನು ಜಾರಿಸಿ ತಟ್ಟೆಯ ಮೇಲೆ ಕೆಡವಿದ. "ಮುಳ್ಳು ಮಲಗಿದೆ!" ಎಂದ. ಅವನು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಆರತಿ ಎತ್ತಿದರು, ಹಾಡು ಹೇಳಿದರು. ಶಲ್ಯದಡಿಯಲ್ಲಿ ಏನಿತ್ತೆಂದು ಎದುರಿಗೆ ಕೂತಿದ್ದ ಕುವಲಯೆಯೊಬ್ಬಳಿಗೇ ಗೊತ್ತಿತ್ತು.

ಒಳಮನೆಗೆ ಬಂದವಳೇ ಅವಳು ಬಾಗಿಲು ಹಾಕಿದಳು.

"ಮುಳ್ಳು ಎದ್ದಿತ್ತು. ನಾನು ನೋಡಿದೆ."

"ಹೆದರಬೇಡ ಕುವಲಯೆ, ಯಾರಿಗೂ ತಿಳಿಯುವುದಿಲ್ಲ."

"ಊರವರ ಮಕ್ಕಳಿಗೆ ನಿಜ ಹೇಳಿದಿರಿ. ನಮ್ಮ ಮಗುವಿಗೆ ಮಾತ್ರ ಸುಳ್ಳೇ?"

ವಿನೀತವರ್ಮನಿಗೆ ಆ ಕ್ಷಣ ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಹೆರುವುದೋ ಬಿಡುವುದೋ ನಾನು ತೀರ್ಮಾನ ಮಾಡುತ್ತೇನೆ, ನನ್ನ ಹೊಟ್ಟೆ ಅದು" ಎಂದಳು ಕುವಲಯೆ. "ಆದರೆ ಈ ಮುಳ್ಳು ಹೇಳುವುದು ಎಷ್ಟು ನಿಜ ಎಂದು ತಿಳಿಯದೆ ಹೇಗೆ ಮಾಡಲಿ? ಹೋಗಿ, ಆ ಮಾಂತ್ರಿಕನನ್ನೇ ಕೇಳಿಕೊಂಡು ಬನ್ನಿ."

ಯುವರಾಜ ಒಬ್ಬನೇ ಕಾಡಿಗೆ ಹೊರಟ. ಮೊದಲು ಒಂದು ಹೊಳೆ ಅಡ್ಡ ಬಂತು. ಹೊಳೆಯಲ್ಲಿ ಮಾತಾಡುವ ಮೊಸಳೆ ಇತ್ತು. "ನಿನಗೆ ನಾಚಿಕೆ ತರುವ ಮಾತೊಂದು ಹೇಳು, ಬೆನ್ನ ಮೇಲೆ ದಾಟಿಸುತ್ತೇನೆ" ಎಂದಿತು. "ನನಗೆ ಕತ್ತಿ ಕಂಡರೆ ಭಯ" ಎಂದ ವಿನೀತವರ್ಮ. "ಇದು ನಾಚಿಕೆಯೇ? ನಿನ್ನ ರಾಜ್ಯದಲ್ಲಿ ಇದನ್ನೇ ಹೊಗಳುತ್ತಾರೆ" ಎಂದು ಮೊಸಳೆ ನಕ್ಕಿತು, ನಡುಹೊಳೆಯವರೆಗೆ ಒಯ್ದು ಮುಳುಗಿಕೊಂಡಿತು. ಅವನು ನೀರು ಕುಡಿದು, ಕೈಕಾಲು ಬಡಿದು ಹೇಗೋ ದಡ ಸೇರಿದ.

ಮುಂದೆ ಗುಹೆಯೊಂದರ ಕಲ್ಲಿನ ಬಾಗಿಲು. ಅದಕ್ಕೆ ಹೆಬ್ಬಾವೊಂದು ಸುತ್ತಿಕೊಂಡಿತ್ತು. "ಮುಳ್ಳೆದ್ದಿದೆ ಎಂದು ಎಷ್ಟೋ ಹೆಂಗಸರಿಗೆ ಹೇಳಿದೆಯಲ್ಲ, ಅವರಲ್ಲಿ ಒಬ್ಬಳ ಹೆಸರು ಹೇಳು" ಎಂದಿತು.

ಯುವರಾಜ ಬಾಯಿ ತೆರೆದ. ಒಂದು ಹೆಸರೂ ಬರಲಿಲ್ಲ. ನೆನಪಿಗೆ ಬಂದದ್ದು ಬರೀ ಪಾದಗಳು. ಒಂದಕ್ಕೆ ಅರಿಶಿನ ಹಚ್ಚಿತ್ತು, ಇನ್ನೊಂದರ ಹಿಮ್ಮಡಿ ಒಡೆದಿತ್ತು. ಯಾವುದಾದರೊಂದು ಹೆಸರು ಕಟ್ಟಿ ಹೇಳಿಬಿಡೋಣ ಎಂದುಕೊಂಡ, ಆದರೆ ಆಗಲಿಲ್ಲ.

"ಗೊತ್ತಿಲ್ಲ. ನಾನು ಯಾರನ್ನೂ ಕೇಳಲಿಲ್ಲ" ಎಂದು ಅಳತೊಡಗಿದ. ಹೆಬ್ಬಾವು ಸುರುಳಿ ಬಿಚ್ಚಿ ದಾರಿ ಬಿಟ್ಟಿತು.

ಒಳಗೆ ಕುಳಿಗಣ್ಣ ಕೂತಿದ್ದ. ಮುದುಕನಲ್ಲ, ಈಗವನು ಮೀಸೆ ಚಿಗುರಿದ ತರುಣ. ಗುಳಿಬಿದ್ದಿದ್ದ ಕಣ್ಣು ಈಗ ತುಂಬಿಕೊಂಡು ಹೊಳೆಯುತ್ತಿದ್ದವು.

"ಇದೆಲ್ಲ ನಿಮ್ಮೂರ ಅನ್ನ" ಎಂದು ಕೆನ್ನೆ ತಟ್ಟಿಕೊಂಡ. "ಜನ ನಾಚಿಕೆಯಿಂದ ನುಂಗಿಕೊಂಡ ಮಾತೇ ನನ್ನ ಊಟ. ಹೇಳು, ಏನು ಬಂದೆ?"

"ಮುಳ್ಳುಹಂದಿ ಹೇಳುವುದು ನಿಜವೇ?"

"ನಿಜ. ಬೇಗ ಕುದಿಯುವ ರಕ್ತ ಕಂಡರೆ ಮುಳ್ಳೇಳುತ್ತದೆ. ಒಮ್ಮೆಯೂ ತಪ್ಪಿಲ್ಲ."

"ಅಂಥ ರಕ್ತದವರೆಲ್ಲ ಕೊಲೆ ಮಾಡುತ್ತಾರೆಯೇ?"

ಕುಳಿಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನನಗೇನು ಗೊತ್ತಪ್ಪ? ಒಬ್ಬರನ್ನಾದರೂ ಹುಟ್ಟಲು ಬಿಟ್ಟು ನೋಡಿದ್ದೀರಾ? ಕೊಲ್ಲುವ ಕೂಸು ಎಂದು ನಾನೊಂದು ಮಾತು ಸೇರಿಸಿದೆ. ನಿಮ್ಮಪ್ಪ ಹೆದರಿದ್ದ, ನಂಬಿದ. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವನು ನೀನೇ ಮೊದಲು. ಅದೂ ಯಾವಾಗ? ನಿನ್ನ ಮನೆಗೆ ಬಂದಾಗ!"

ವಿನೀತವರ್ಮನಿಗೆ ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕೆನಿಸಿತು.

"ಬಾ, ಮುಖ ಚಿಕ್ಕದು ಮಾಡಬೇಡ" ಎಂದು ಮಾಂತ್ರಿಕ ಒಂದು ಚಿಟಿಕೆ ಬೂದಿ ಮುಂದೆ ಹಿಡಿದ. "ಇದನ್ನು ಹಂದಿಯ ಮೂಗಿಗೆ ಸವರು. ನಿನ್ನ ಹೆಂಡತಿಯ ಮುಂದೆ ಇನ್ನೆಂದೂ ಮುಳ್ಳೇಳುವುದಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ."

ಯುವರಾಜ ಕೈ ಚಾಚಿದ. ಚಾಚಲಿಲ್ಲ ಎಂದು ಹೇಳುವವರೂ ಇದ್ದಾರೆ, ಅವರು ಅವನ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾರೆ. ಅವನು ಚಾಚಿದ್ದ. ಬೂದಿ ಬೆರಳಿಗೆ ತಾಗಿಯೂ ಇತ್ತು.

"ಉಳಿದವರ ಮುಂದೆ?" ಎಂದು ಕೇಳಿದ.

"ಅವರ ಮುಂದೆ ಏಳುತ್ತದೆ. ತಟ್ಟೆ ಹಿಡಿಯುವವನು ನೀನೇ ತಾನೆ? ಮೆಲ್ಲಗೆ ಹೇಳು."

ಆಗ ಅವನು ಕೈ ಹಿಂದೆಗೆದುಕೊಂಡ. ಬೂದಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಒರೆಸಿದ, ಬಂದ ದಾರಿಯಲ್ಲೇ ಓಡಿದ. "ಬಾಯಿಬಿಟ್ಟರೆ ನಿನ್ನ ಮಾನ ಹೋಗುತ್ತದೆ!" ಎಂದು ಹಿಂದಿನಿಂದ ಮಾಂತ್ರಿಕ ಕೂಗುತ್ತಿದ್ದ. ದನಿಯಲ್ಲಿ ಹೆದರಿಕೆಯಿತ್ತು.

ಅವನು ಊರು ಮುಟ್ಟಿದಾಗ ಅಂಗಳದಲ್ಲಿ ಮತ್ತೆ ಬಳೆಶಾಸ್ತ್ರ ನಡೆದಿತ್ತು. ಮಣೆಯ ಮೇಲೆ ಯಾರದೋ ಮನೆಯ ಸೊಸೆ ಕೂತಿದ್ದಳು. ವಿನೀತವರ್ಮ ತಟ್ಟೆ ಮುಟ್ಟಲಿಲ್ಲ. ಜನರ ನಡುವೆ ನಿಂತು ಹೇಳಿದ:

"ನನ್ನ ಹೆಂಡತಿಯ ಮುಂದೆ ಮುಳ್ಳೆದ್ದಿತ್ತು. ನಾನು ಶಲ್ಯ ಮುಚ್ಚಿ ಸುಳ್ಳು ಹೇಳಿದೆ. ಮುಳ್ಳೆದ್ದ ಮಕ್ಕಳೆಲ್ಲ ಕೊಲೆಗಾರರಾಗುತ್ತಾರೆಯೇ ಎಂಬುದು ಯಾರಿಗೂ ಗೊತ್ತಿಲ್ಲ, ಮಾಂತ್ರಿಕನಿಗೂ ಗೊತ್ತಿಲ್ಲ."

"ಸುಮ್ಮನಿರು ಮಗನೇ" ಎಂದು ಅರಸ ತಡೆಯಹೋದ.

ಅಷ್ಟರಲ್ಲಿ ಗುಂಪಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಬಟ್ಟೆ ಒಗೆಯುವ ಕೇರಿಯವಳು. ವಿನೀತವರ್ಮನಿಗೆ ಮುಖದ ಗುರುತು ಸಿಗಲಿಲ್ಲ, ಒಡೆದ ಹಿಮ್ಮಡಿಯ ಗುರುತು ಸಿಕ್ಕಿತು.

"ನನ್ನ ಹೆಸರು ಸಣ್ಣೀರವ್ವ" ಎಂದಳು. "ನನ್ನ ಕೂಸಿಗೂ ಆ ಶಲ್ಯ ಹೊದಿಸಬೌದಿತ್ತಲ್ಲಾ, ಒಡೆಯಾ?"

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು ಅವಳ ಮುಂದೆ ಮಣ್ಣಿನಲ್ಲಿ ಕೂತ. ಆಮೇಲೆ ಇನ್ನೊಬ್ಬಳು ಬಾಯಿಬಿಟ್ಟಳು, ಮತ್ತೊಬ್ಬಳು, ಅವಳ ಅತ್ತೆ, ಮುದುಕಿಯರು. ಕೊನೆಗೆ ಅರಸನೇ ಕಿರೀಟ ತೆಗೆದು ಕೈಯಲ್ಲಿ ಹಿಡಿದ.

"ವಿನೀತಾ, ನಿನಗೊಬ್ಬ ತಮ್ಮ ಹುಟ್ಟಬೇಕಿತ್ತು. ಅವನಿಗೂ ಎದ್ದಿತ್ತು. ನಾನು ಮುಚ್ಚಲಿಲ್ಲ. ನಿಮ್ಮಮ್ಮ ಸಾಯುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ."

ಒಬ್ಬೊಬ್ಬರು ಮಾತಾಡಿದಂತೆ ಮುಳ್ಳುಹಂದಿಯ ಮುಳ್ಳುಗಳು ಉದುರಿದವು, ಉಳಿದದ್ದು ಒಂದು ಹಿಡಿ ಬೂದಿ. ಅತ್ತ ಗುಹೆಯಲ್ಲಿ ಕುಳಿಗಣ್ಣನ ಕೂದಲು ನರೆಯಿತು, ಹಲ್ಲು ಬಿದ್ದವು, ಸಂಜೆಯ ಹೊತ್ತಿಗೆ ಅವನೂ ಬೂದಿಯಾದ.

ಕಷಾಯದ ಗಡಿಗೆ ಅರಮನೆಯಿಂದ ಸೂಲಗಿತ್ತಿಯರ ಮನೆಗೆ ಹೋಯಿತು. ಬೇಕೆಂದವಳು ತಾನೇ ಬಂದು ಕೇಳಬೇಕು, ಬೇರೆಯವರು ಕುಡಿಸಕೂಡದು, ತಡೆಯಲೂಕೂಡದು ಎಂದು ಡಂಗುರ ಸಾರಿದರು. ಕುವಲಯೆ ಯೋಚಿಸಿದಳು. "ರಕ್ತ ಬಿಸಿ ಇರುವುದು ನಿಜ. ನನಗೆ ಹೆದರಿಕೆಯೂ ಇದೆ. ಆದರೂ ಹೆರುತ್ತೇನೆ" ಎಂದಳು. ಹೆಣ್ಣುಮಗು ಹುಟ್ಟಿತು.

ಮಗು ನಡೆಯಲು ಕಲಿತ ವರ್ಷವೇ ಆಟದಲ್ಲಿ ಸಿಟ್ಟು ಬಂದು ಇನ್ನೊಂದು ಮಗುವಿನ ಹಣೆಗೆ ಕಲ್ಲು ಎಸೆಯಿತು. ರಕ್ತ ಬಂತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಿದಿರಾ ಎಂದು ಯಾರೂ ಅನ್ನಲಿಲ್ಲ, ಆದರೆ ಎಲ್ಲರೂ ಅದನ್ನೇ ಅಂದುಕೊಂಡರು. ಒಂದು ಗಳಿಗೆ ವಿನೀತವರ್ಮನೂ ಅಂದುಕೊಂಡ.

ಸಣ್ಣೀರವ್ವ ಒಗೆಯುವ ಬಟ್ಟೆಯ ಗಂಟು ಕೆಳಗಿಟ್ಟು ಬಂದಳು.

"ಹೊಡೀಬಾರದು ಅಂತ ಈ ಕೂಸಿಗೆ ಯಾರಾದ್ರೂ ಹೇಳಿಕೊಟ್ಟೀರಾ?"

ಯಾರೂ ಹೇಳಿಕೊಟ್ಟಿರಲಿಲ್ಲ. ಆ ರಾಜ್ಯದಲ್ಲಿ ಯಾರಿಗೂ ಅದನ್ನು ಹೇಳಿಕೊಟ್ಟು ಅಭ್ಯಾಸವೇ ಇರಲಿಲ್ಲ. ಎಲ್ಲವನ್ನೂ ಹಂದಿಗೆ ಬಿಟ್ಟಿದ್ದರು.

ಸಣ್ಣೀರವ್ವ ಅಲ್ಲೇ ಕೂತು ಮಗುವನ್ನು ತೊಡೆಗೆ ಎಳೆದುಕೊಂಡಳು. ಗಾಯ ತೋರಿಸಿದಳು. "ನೋಡು, ಅವನಿಗೆ ಉರೀತದೆ. ಊದು." ಮಗು ಮುಖ ಊದಿಸಿಕೊಂಡೇ ಗಾಯಕ್ಕೆ ಊದಿತು. ಮರುದಿನ ಮತ್ತೆ ಹೊಡೆಯಿತು, ಅವಳು ಮತ್ತೆ ಹೇಳಿದಳು. ಕುವಲಯೆ ಪಕ್ಕದಲ್ಲಿ ಕೂತು ಕಲಿತಳು, ಊರ ತಾಯಂದಿರು ಕಲಿತರು. ಯುವರಾಜನೂ ನೆಲದ ಮೇಲೆ ಕೂತು ಕಲಿತ.

ಆ ಹುಡುಗಿ ಬೆಳೆದು ರಾಣಿಯಾದಳು. ಸಿಟ್ಟು ಕೊನೆಯವರೆಗೂ ಮೂಗಿನ ತುದಿಯಲ್ಲೇ ಇತ್ತು, ಆದರೆ ಅವಳ ಕೈಯಿಂದ ಯಾರ ಜೀವವೂ ಹೋಗಲಿಲ್ಲ. ಅವಳ ಆಳ್ವಿಕೆಯಲ್ಲಿ ಜನ ಉಂಡುಟ್ಟು ಸುಖವಾಗಿದ್ದರು. ಅವಳು ಒಳ್ಳೆಯವಳಾದಷ್ಟೂ, ಹುಟ್ಟಲು ಬಿಡದ ಕೂಸುಗಳನ್ನು ನೆನೆದು ಅವರಿಗೆ ನಾಚಿಕೆ ಹೆಚ್ಚಾಗುತ್ತಿತ್ತು.