ಹಿಂದಿನ ಸೀಟಿನ ಭಾರ

“ಇವತ್ತೊಂದಿನ ಕೆರಿ ಏರಿ ಹಾದಿ ಬ್ಯಾಡ್ರಿ ಡಾಕ್ಟರ. ಬಸ್‌ಸ್ಟ್ಯಾಂಡ್ ಸುತ್ತಿ ಹೋಗ್ರಿ.”

ಹಾಲವ್ವ ಹೊಸ ಬೈಕಿನ ಮುಂದೆ ಅಡ್ಡ ನಿಂತೇ ಈ ಮಾತು ಹೇಳಿದಳು. ವೃಂದಾ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು. ಧಾರವಾಡದ ಹುಡುಗಿ. ತಿಳವಳ್ಳಿಯ ದನದ ದವಾಖಾನೆಗೆ ವರ್ಗವಾಗಿ ಬಂದು, ಹಾಲವ್ವನ ಮನೆಯ ಮುಂಭಾಗದ ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದಳು. ಪಕ್ಕದ ಊರಿನವರೊಬ್ಬರು ಎಮ್ಮೆ ಈಯಲಾರದೆ ಒದ್ದಾಡುತ್ತಿದೆಯೆಂದು ಫೋನ್ ಮಾಡಿದ್ದರು. ಏರಿಯ ಮೇಲೆ ಹೋದರೆ ದಾರಿ ಅರ್ಧ ಉಳಿಯುತ್ತಿತ್ತು.

“ಯಾಕ್ರಿ ಅಜ್ಜಿ, ಏರಿ ಒಡದದೇನು?”

“ಅಮಾಸಿ ಐತಿ. ಮೂರು ಹಾದಿ ಕೂಡೂ ಕಡೆ ನಿವಾಳಿ ಇಟ್ಟಿರತಾರ. ದಾಟಬಾರದು.”

“ನಾ ಎಲ್ಲಿ ದಾಟತೀನ್ರಿ, ಗಾಡಿ ದಾಟತದ. ಏನರ ಹತ್ತಿದರ ಗಾಡಿಗೇ ಹತ್ತಲಿ. ಶೋರೂಮಿನವರು ವಾರಂಟಿ ಕೊಟ್ಟಾರ.”

ಹಾಲವ್ವ ನಗಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಒಳಗಿನ ಕತ್ತಲೆಯ ಕಡೆ ಒಮ್ಮೆ ನೋಡಿ ಪಕ್ಕಕ್ಕೆ ಸರಿದಳು.

ಆ ಕತ್ತಲೆಯಲ್ಲಿ ಅವಳ ಮೊಮ್ಮಗಳು ಶೀಲಾ ಕುಳಿತಿದ್ದಳು. ಬಿ.ಎಡ್. ಮುಗಿಸಿದ ಹುಡುಗಿ, ಒಂದು ಕಾಲಕ್ಕೆ ಓಣಿಯೆಲ್ಲ ಕೇಳುವಂತೆ ನಗುತ್ತಿದ್ದವಳು. ಹಿರೇಬೆಂಡಿಗೇರಿಯಿಂದ ಬಂದ ಒಂದು ಸಂಬಂಧವನ್ನು ಬೇಡವೆಂದಳು, ಅಷ್ಟೇ ಅವಳು ಮಾಡಿದ ತಪ್ಪು. ವರನ ತಾಯಿ ಗುತ್ತೆವ್ವ ಬೈಯಲಿಲ್ಲ, ಕೂಗಾಡಲಿಲ್ಲ. ಹೊಸ್ತಿಲಲ್ಲಿ ಬಾಗಿ, ಶೀಲಾ ತುಳಿದು ಹೋದ ಮಣ್ಣನ್ನು ಚಿಟಿಕೆಯಷ್ಟು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡು ನಡೆದಳು. ಅಂದಿನಿಂದ ಶೀಲಾಳ ಬೆನ್ನು ಬಾಗಿತು. ತುತ್ತು ಗಂಟಲಿಗಿಳಿಯಲಿಲ್ಲ. “ಬೆನ್ನ ಮ್ಯಾಲೆ ಕುಂತೈತಿ” ಎಂಬ ಒಂದು ಮಾತು ಬಿಟ್ಟರೆ ಬಾಯಿಂದ ಬೇರೆ ಮಾತಿಲ್ಲ. ವೃಂದಾ ತಾನೇ ಮುಂದಾಗಿ ಅವಳನ್ನು ಹುಬ್ಬಳ್ಳಿಯ ಎಲುಬಿನ ಡಾಕ್ಟರಿಗೂ ಮನಸ್ಸಿನ ಡಾಕ್ಟರಿಗೂ ತೋರಿಸಿದ್ದಳು. ಎಕ್ಸ್‌ರೇ ಚಿತ್ರದಲ್ಲಿ ಬೆನ್ನುಮೂಳೆ ನೆಟ್ಟಗಿತ್ತು, ಹುಡುಗಿ ಮಾತ್ರ ದಿನದಿನಕ್ಕೆ ನೆಲಕ್ಕಿಳಿಯುತ್ತಿದ್ದಳು. ಸಂಜೆಯಾದರೆ ವೃಂದಾ ಅವಳ ಪಕ್ಕ ಕುಳಿತು ಚಹ ಕುಡಿಸುತ್ತಿದ್ದಳು. ಶೀಲಾಳ ಮೇಲೆ ಅವಳಿಗೆ ನಿಜವಾಗಿಯೂ ಜೀವವಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಳಿದರೆ ಯಾರೂ ನಂಬುವುದಿಲ್ಲ.

ಇನ್ನು ಬೈಕಿನ ವಿಷಯ. ದೂರದೂರಕ್ಕೆಂದೇ ಮಾಡಿದ ಎತ್ತರದ ಗಾಡಿ, ಒಂದು ಸಲ ಹಿಮಾಲಯ ನೋಡಿ ಬರಬೇಕೆಂಬ ಆಸೆಯಿಂದ ಕೊಂಡದ್ದು. ಇನ್ನೂ ಕೈಗೆ ಒಗ್ಗಿರಲಿಲ್ಲ. ನಿಲ್ಲಿಸಿದರೆ ಕಾಲ ಬೆರಳಷ್ಟೇ ನೆಲಕ್ಕೆ ತಾಗುತ್ತಿತ್ತು. ನಿಧಾನಕ್ಕೆ ತಿರುಗಿಸುವಾಗ ಕೊಬ್ಬಿದ ಹೋರಿಯ ಹಾಗೆ ಒಂದು ಕಡೆ ವಾಲುತ್ತಿತ್ತು. “ಡಾಕ್ಟರಬಾಯಿ ಗಾಡಿ ಹೊಡ್ಯಾಕತ್ತಾರೋ, ಗಾಡಿ ಡಾಕ್ಟರಬಾಯಿನ್ನ ಹೊಡ್ಯಾಕತ್ತತೋ” ಎಂದು ಚಹದಂಗಡಿಯವರು ನಗುತ್ತಿದ್ದರು. ಹಟಕ್ಕೆ ಬಿದ್ದು ಅವಳು ದಿನಾ ಓಡಿಸುತ್ತಿದ್ದಳು.

ಏರಿಯ ತುದಿಗೆ ಬಂದಾಗ ಹೊತ್ತು ಇಳಿದಿತ್ತು. ಮೂರು ದಾರಿ ಕೂಡುವ ಕಡೆ ಮುತ್ತುಗದ ಎಲೆ. ಅದರ ಮೇಲೆ ಕುಂಕುಮ ಕಲೆಸಿದ ಅನ್ನ, ಕೊಯ್ದ ನಿಂಬೆಹಣ್ಣು, ಇದ್ದಿಲು, ಸಣ್ಣಗೆ ಉರಿಯುತ್ತಿದ್ದ ಒಂದು ಬತ್ತಿ. ರೋಗಿಯ ಮೈಗೆ ನಿವಾಳಿಸಿ ಇಳಿ ತೆಗೆದದ್ದನ್ನು ಹೀಗೆ ಇಡುತ್ತಾರೆ, ಮೊದಲು ದಾಟಿದವರ ಮೈಗೆ ಅದು ಹತ್ತುತ್ತದೆ ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಹೊಟ್ಟೆ ತುಂಬ ಕುಡಿದು ತೂರಾಡುವವನು ಸಹ ಅದರ ಹತ್ತಿರ ಬಂದಾಗ ನೆಟ್ಟಗೆ ನಡೆದು ಸುತ್ತಿ ಹೋಗುತ್ತಾನೆ. ವೃಂದಾಳೂ ಸುತ್ತಿ ಹೋಗಬಹುದಿತ್ತು. ಆದರೆ ಅಂಚಿನಲ್ಲಿ ಸಡಿಲ ಗರಸು ಮಣ್ಣು, ಆ ಭಾರದ ಗಾಡಿಯನ್ನು ಅಲ್ಲಿಗಿಳಿಸಿದರೆ ಬೀಳುವುದು ಖಾತ್ರಿ. ಜೊತೆಗೆ ಹಾಲವ್ವನಿಗೆ ಹೇಳಿ ನಗಲು ಒಂದು ಕತೆಯೂ ಆದೀತು. ನೇರಕ್ಕೆ ಬಿಟ್ಟಳು.

ಗಾಲಿಯಡಿ ನಿಂಬೆಹಣ್ಣು ಪಚಕ್ಕೆಂದಿತು. ಬತ್ತಿ ಆರಿತು. ಸುಟ್ಟ ಕೂದಲು ಮತ್ತು ಹಸಿ ಅರಿಶಿನದ ನಾತ ಹೆಲ್ಮೆಟ್ಟಿನೊಳಗೇ ಹುಟ್ಟಿದಂತೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಗಾಡಿಯ ಹಿಂಭಾಗ ಕುಸಿಯಿತು.

ಯಾರೋ ಹತ್ತಿ ಕುಳಿತಿದ್ದರು.

ಕನ್ನಡಿಯಲ್ಲಿ ನೋಡಿದಳು. ಖಾಲಿ ಏರಿ. ಕಪ್ಪಾಗುತ್ತಿದ್ದ ನೀರು. ಟೈರಿನಲ್ಲಿ ಗಾಳಿ ಕಡಿಮೆಯಾಗಿರಬೇಕೆಂದುಕೊಂಡು ಮುಂದೆ ಹೋದಳು.

ಎಮ್ಮೆಯ ಯಜಮಾನ ಕರಬಸಪ್ಪ ಲಾಟೀನು ಹಿಡಿದು ಅಂಗಳದಲ್ಲಿ ಕಾಯುತ್ತಿದ್ದ. ಗಾಡಿ ಒಳಗೆ ಬಂದದ್ದೇ ತಡ, ಕಟ್ಟಿದ ದನಗಳೆಲ್ಲ ಒಟ್ಟಿಗೆ ಎದ್ದು ನಿಂತವು. ನರಳುತ್ತಿದ್ದ ಎಮ್ಮೆ ನರಳುವುದನ್ನೇ ನಿಲ್ಲಿಸಿತು. ಅವು ವೃಂದಾಳನ್ನು ನೋಡುತ್ತಿರಲಿಲ್ಲ, ಅವಳ ಹಿಂದಕ್ಕೆ ನೋಡುತ್ತಿದ್ದವು.

“ಗಾಡಿ ಹೊರಗ ಇಡ್ರಿ ಮೇಡಂ” ಎಂದ ಕರಬಸಪ್ಪ. “ದನಾ ಅಂಜಾಕತ್ತಾವ.”

“ಹೊಸಾ ಇಂಜಿನ್ ವಾಸನಿ ಇರಬೇಕ್ರಿ.”

“ಇರಬೌದು. ಆದ್ರೂ ಹೊರಗ ಇಡ್ರಿ.”

ಗಾಡಿಯನ್ನು ಬೇಲಿಯಾಚೆ ತಳ್ಳಿದ ಮೇಲೆಯೇ ಎಮ್ಮೆ ಈಯಿತು.

ಮರುದಿನ ಬೆಳಗ್ಗೆ ಅಂಗಳದಲ್ಲಿ ಯಾರೋ ಹಾಡಿಕೊಳ್ಳುವುದು ಕೇಳಿ ವೃಂದಾ ಹೊರಗೆ ಬಂದಳು. ಶೀಲಾ ಬಿಸಿಲಿನಲ್ಲಿ ನೆಟ್ಟಗೆ ನಿಂತು ಕೂದಲು ಬಾಚುತ್ತಿದ್ದಳು. “ಅಕ್ಕಾರ, ಹಸಿವ್ಯಾಗೈತ್ರಿ ನನಗ!” ಎಂದು ನಕ್ಕಳು. ವೃಂದಾ ಓಡಿಹೋಗಿ ಅವಳನ್ನು ಅಪ್ಪಿಕೊಂಡಳು, ಹುಬ್ಬಳ್ಳಿ ಡಾಕ್ಟರರ ಗುಳಿಗೆ ಕೊನೆಗೂ ಹತ್ತಿದವು ಎಂದು ಕಣ್ಣೀರು ಹಾಕಿದಳು. ಬಾಗಿಲಲ್ಲಿದ್ದ ಹಾಲವ್ವ ಮೊಮ್ಮಗಳನ್ನು ನೋಡಿದಳು, ಗಾಡಿಯ ಟೈರಿಗೆ ಮೆತ್ತಿದ್ದ ಕುಂಕುಮ ನೋಡಿದಳು. ಮುಖ ತಿರುಗಿಸಿ ಒಳಗೆ ಹೋದಳು.

ಅಲ್ಲಿಂದ ವೃಂದಾಳಿಗೆ ಅನುಮಾನ ಶುರುವಾಯಿತು. ಹಾಲವ್ವ ಕೇಳದೆಯೇ ಬಿಸಿ ರೊಟ್ಟಿ ತಂದಿಡುತ್ತಿದ್ದಳು, ಆದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಲಿಲ್ಲ. ಚಹದಂಗಡಿಯವರು ನಗುವುದನ್ನು ಬಿಟ್ಟಿದ್ದರು. ಈ ಮುದುಕಿ ಗಾಡಿಗೇನೋ ಮಾಡಿಸಿದ್ದಾಳೆ, ಹೆಣ್ಣುಮಗಳು ಇಂಥ ಗಾಡಿ ಓಡಿಸುವುದನ್ನು ಊರಿಗೆ ಊರೇ ಸೇರಿ ಬಿಡಿಸಲು ನೋಡುತ್ತಿದೆ ಎನಿಸಿತು. ಗಾಡಿಯ ಪಕ್ಕದ ಸಾಮಾನು ಪೆಟ್ಟಿಗೆಗಳನ್ನು ಬಿಚ್ಚಿ ಹುಡುಕಿದಳು. ಸೀಟಿನಡಿ ಕೈಹಾಕಿ ತಡಕಿದಳು. ಏನೂ ಸಿಗಲಿಲ್ಲ.

ಅಕ್ಕಿಆಲೂರಿನ ಮೆಕ್ಯಾನಿಕ್ ಸಿರಾಜುದ್ದೀನ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು ಹೇಳಿದ: “ಬೆಣ್ಣಿ ಐತ್ರಿ ಮೇಡಂ. ಏನ್ ತಕರಾರೂ ಇಲ್ಲ.”

“ನಾ ಕೂಡತೀನಿ, ಈಗ ನೋಡ್ರಿ.”

ಅವಳು ಕುಳಿತಳು. ಒಂದು ಕ್ಷಣದ ನಂತರ, ಅವಳು ಕದಲದೆ ಇದ್ದಾಗಲೇ, ಹಿಂದಿನ ಶಾಕ್ ಅಬ್ಸಾರ್ಬರ್ ಕಿರ್ರೆಂದು ಕೆಳಗಿಳಿಯಿತು. ಸಿರಾಜುದ್ದೀನನ ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲೂ ಅವನು ಬಗ್ಗಲಿಲ್ಲ. “ಬ್ಯಾರೆ ಕಡೆ ತೋರಸ್ರಿ ಮೇಡಂ. ನಮ್ಮ ಕಡೆ ಇದರ ಸಾಮಾನು ಇಲ್ಲ” ಎಂದವನೇ ಅಂಗಡಿಯೊಳಗೆ ಹೋಗಿಬಿಟ್ಟ. ಇವನೂ ಅವರ ಪೈಕಿಯೇ ಎಂದುಕೊಂಡಳು ವೃಂದಾ.

ಎಂಥದ್ದಕ್ಕೂ ಮನುಷ್ಯ ಒಗ್ಗುತ್ತಾನೆ. ಅವಳು ಗಾಡಿಗೆ ಒಗ್ಗತೊಡಗಿದಳು, ಅಂದರೆ ಆ ಭಾರಕ್ಕೆ. ಬ್ರೇಕನ್ನು ಬೇಗ ಹಿಡಿಯಬೇಕು, ಇಲ್ಲದಿದ್ದರೆ ಅದು ಬೆನ್ನಿಗೆ ಬಂದು ಒತ್ತುತ್ತದೆ. ತಿರುವಿನಲ್ಲಿ ಅವಳು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ವಾಲುತ್ತದೆ. ನಿಂತಾಗ ಕುತ್ತಿಗೆಯ ಮೇಲೆ ಉಸಿರು. ಬರಬರುತ್ತ ಗಾಡಿಯಿಂದ ಇಳಿದ ಮೇಲೂ ಬೆನ್ನು ನೆಟ್ಟಗಾಗಲಿಲ್ಲ. ಅನ್ನದ ಮುಂದೆ ಕುಳಿತರೆ ಸುಟ್ಟ ಕೂದಲ ನಾತ. ಕನ್ನಡಿ ನೋಡಿಕೊಂಡಾಗ ತನ್ನ ಭುಜಗಳು ಶೀಲಾಳ ಹಳೆಯ ಭುಜಗಳ ಹಾಗೆ ಮುಂದಕ್ಕೆ ಬಂದಿದ್ದವು. ನೇರವಾಗಿ ಅಡುಗೆಮನೆಗೆ ಹೋಗಿ ಹಾಲವ್ವನ ಮುಂದೆ ನಿಂತಳು.

“ಏರಿ ಮ್ಯಾಲೆ ಅದನ್ನ ಇಟ್ಟಾವ್ರು ಯಾರ್ರಿ?”

ಹಾಲವ್ವ ಒಲೆಯಿಂದ ಕಟ್ಟಿಗೆ ಎಳೆದಳು. ಹೊಗೆ ಇಬ್ಬರ ನಡುವೆ ಎದ್ದಿತು. “ನಾನಽ ಇಟ್ಟೆ. ಯಾರರ ದಾಟಲಿ, ನನ್ನ ಕೂಸು ಉಳೀಲಿ ಅಂತ ಇಟ್ಟೆ. ಆ ಯಾರರ ನೀವು ಆಗಬಾರದಂತ ಬಾಗಿಲಕ್ಕ ಅಡ್ಡ ನಿಂತು ಹೇಳಿದೆ. ನೀವು ಕೇಳಲಿಲ್ಲ.”

“ಇದೆಲ್ಲಾ ಮನಸ್ಸಿನ ಆಟರಿ ಅಜ್ಜಿ. ನಾ ನಂಬೂದಿಲ್ಲ.”

“ನಂಬಬ್ಯಾಡ್ರಿ. ಬರೂ ಅಮಾಸಿಗೆ ನಿಮಗೂ ಇಳಿ ತೆಗದು ಇಡತೇನಿ. ಅಲ್ಲೀತನಕ ತಡಕೊಳ್ರಿ.”

“ಇಟ್ಟು? ಮತ್ತ ಯಾರ ಕೊರಳಿಗೆ ಕಟ್ಟತೀರಿ?”

ಮುದುಕಿ ಕಟ್ಟಿಗೆಯನ್ನು ಮತ್ತೆ ಒಲೆಗೆ ತಳ್ಳಿದಳು. ವೃಂದಾ ಬಾಗಿಲು ದಾಟುವಾಗ ಹಿಂದಿನಿಂದ ಮೆಲ್ಲಗೆ ಹೇಳಿದಳು: “ಒಂದು ಮಾತು ನಡಸಿ ಕೊಡ್ರಿ. ಶೀಲಾನ್ನ ಮಾತ್ರ ಆ ಗಾಡಿ ಮ್ಯಾಲೆ ಹತ್ತಸಬ್ಯಾಡ್ರಿ. ಅದಕ್ಕ ಆಕಿ ಬೆನ್ನಿನ ರುಚಿ ಗೊತ್ತೈತಿ.”

ಅಮಾವಾಸ್ಯೆ ಇನ್ನೂ ದೂರವಿತ್ತು. ಒಂದು ಮಧ್ಯಾಹ್ನ ಹಾಲವ್ವ ಹೊಲಕ್ಕೆ ಹೋಗಿದ್ದಾಗ ಶೀಲಾ ಹೊಸ ಸೀರೆಯಲ್ಲಿ ಓಡಿಬಂದಳು. ಹಿರೇಕೆರೂರಿನ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂದಿತ್ತು, ಬಸ್ಸು ಕಣ್ಣೆದುರೇ ಹೋಗಿಬಿಟ್ಟಿತ್ತು.

“ಅಕ್ಕಾರ, ನೀವು ಬಿಡ್ತೀರೇನ್ರಿ? ಇದೊಂದು ನೌಕರಿ ಆತಂದ್ರ ನಾ ಮತ್ತ ಮನುಷ್ಯಾಳಾದಂಗ.”

ವೃಂದಾ ಬೈಕಿನ ಕಡೆ ನೋಡಿದಳು. ಬೆನ್ನು ಚುರುಗುಟ್ಟುತ್ತಿತ್ತು. ಎಷ್ಟೋ ದಿನದಿಂದ ನಿದ್ದೆಯಿರಲಿಲ್ಲ. ಬೇರೆ ಯಾರದಾದರೂ ಗಾಡಿ ಕೇಳಬಹುದಿತ್ತು, ದವಾಖಾನೆಯ ಅಂಗಳದಲ್ಲೇ ಜೀಪು ನಿಂತಿತ್ತು. ಇಂಥದ್ದನ್ನೆಲ್ಲ ನಂಬದವಳು ಹುಡುಗಿಯನ್ನು ಹತ್ತಿಸಿಕೊಳ್ಳಲು ಯಾಕೆ ಹಿಂಜರಿಯಬೇಕು ಎಂದು ತನಗೆ ತಾನೇ ವಾದ ಹೂಡಿದಳು. ವಾದ ಚೆನ್ನಾಗಿತ್ತು. ಬಾಗಿ, ಹಿಂದೆ ಕೂರುವವರ ಮಡಚಿದ್ದ ಫುಟ್‌ರೆಸ್ಟುಗಳನ್ನು ತನ್ನ ಕೈಯಿಂದಲೇ ಬಿಚ್ಚಿದಳು.

“ಕೂಡು” ಎಂದಳು.

ಊರು ದಾಟುವವರೆಗೆ ಶೀಲಾಳ ಮಾತು ನಿಲ್ಲಲಿಲ್ಲ. ಮಕ್ಕಳಿಗೆ ಮೊದಲು ಯಾವ ಪದ್ಯ ಕಲಿಸಬೇಕು, ಮೊದಲ ಪಗಾರದಲ್ಲಿ ಅಜ್ಜಿಗೆ ಯಾವ ಇಳಕಲ್ ಸೀರೆ ತರಬೇಕು. ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು. ಗಾಡಿ ಅದರ ಅಂಚನ್ನು ದಾಟಿತು.

“ಅಜ್ಜಿಗೆ ಹಸರ ಬಣ್ಣ ಅಂದ್ರ ಭಾಳ…”

ಮಾತು ಅಲ್ಲಿಗೇ ನಿಂತಿತು.

ಗಾಡಿ ಹಗುರಾಯಿತು.

ಹೂವಿನಷ್ಟು ಹಗುರ. ವೃಂದಾಳ ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ತೆರೆಯಿತು. ಬಿಸಿಲು, ಭತ್ತದ ಗದ್ದೆಯ ಹಸಿ ವಾಸನೆ, ಗಾಳಿ. ಎಷ್ಟು ದಿನವಾಗಿತ್ತು! ತಿರುವು ಬಂತು. ವಾಲಿದಳು. ಗಾಡಿ ನೀರಿನಂತೆ ಹರಿಯಿತು. ಇನ್ನೊಂದು ತಿರುವು. ಕೈ ಹೇಳಿದಂತೆ ಕೇಳಿತು. ಇದೇ, ಇದೇ ತಾನು ಕೊಂಡ ಗಾಡಿ.

“ಶೀಲಾ?”

ಸೊಂಟ ಹಿಡಿದಿದ್ದ ಕೈ ಬಿಟ್ಟುಹೋಗಿತ್ತು. ಬೆನ್ನಿಗೆ ಏನೋ ತಾಗಿತು. ಹಣೆ. ಅದು ಜಾರಿತು. ಕೆಳಕ್ಕೆ. ಇನ್ನೂ ಕೆಳಕ್ಕೆ. ಹಿಂದೆ ಯಾರೋ ಎರಡು ದನಿಯಲ್ಲಿ ಉಸಿರಾಡುತ್ತಿದ್ದರು. ನಿಲ್ಲಿಸಬೇಕು. ನಿಲ್ಲಿಸಿದರೆ ನೋಡಬೇಕು. ನೋಡಿದರೆ? ಅವಳನ್ನು ಇಳಿಸಿದರೆ ಅದು ಮತ್ತೆ ನನಗೇ ಹತ್ತಿದರೆ? ಕನ್ನಡಿ ಅಲ್ಲೇ ಇತ್ತು. ನೋಡಲಿಲ್ಲ. ಬ್ರೇಕಿನ ಮೇಲೆ ಬೆರಳಿತ್ತು. ಒತ್ತಲಿಲ್ಲ. ವೇಗ ಹೆಚ್ಚಿಸಿದಳು.

ಹಿರೇಕೆರೂರಿನ ಶಾಲೆಯ ಮುಂದೆ ಗಾಡಿ ನಿಂತಾಗ ಶೀಲಾ ಇಳಿದಳು. ಹಣೆ ಮೊಣಕಾಲಿನ ಹತ್ತಿರವಿತ್ತು. ಹೊಸ ಸೀರೆಯ ಸೆರಗು ಮಣ್ಣಿನಲ್ಲಿ ಎಳೆಯುತ್ತಿತ್ತು. ಗೇಟಿನ ಬಳಿ ಆಡುತ್ತಿದ್ದ ಮಕ್ಕಳು ಚೀರುತ್ತ ಒಳಗೋಡಿದರು. ಶೀಲಾ ಒಂದು ಸಲ ಕಷ್ಟಪಟ್ಟು ಮುಖವೆತ್ತಿ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಯಾಕೆ ಎಂಬ ಒಂದು ಪ್ರಶ್ನೆಯಿತ್ತು.

ಅವಳನ್ನು ಬಾಡಿಗೆ ಕಾರಿನಲ್ಲಿ ಮನೆಗೆ ತಂದದ್ದಾಯಿತು. ಹಾಲವ್ವ ಎದೆ ಬಡಿದುಕೊಳ್ಳಲಿಲ್ಲ. ಮೊಮ್ಮಗಳನ್ನು ಒಳಗೆ ಮಲಗಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದು ವೃಂದಾಳ ಮುಂದೆ ನಿಂತಳು. ಮೇಲಿಂದ ಕೆಳಗೆ ನೋಡಿದಳು. ನೆಟ್ಟಗಿನ ಬೆನ್ನು ನೋಡಿದಳು.

“ಒಂದಽ ಒಂದು ಕೇಳತೇನಿ ಡಾಕ್ಟರ. ಆಕಿನ್ನ ಹತ್ತಿಸಿಕೊಳ್ಳೂ ಮುಂದ, ನಾ ಹೇಳಿದ್ದು ಖರೇ ಇರಬೌದು ಅಂತ ನಿಮಗ ಅನಸಿತ್ತೇನು?”

ವೃಂದಾಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೂ ದನಿ ನಡುಗಲಿಲ್ಲ.

“ಇಲ್ಲರಿ. ನಾ ಇಂಥಾದ್ದೆಲ್ಲಾ ನಂಬೂದಿಲ್ಲ ಅಂತ ನಿಮಗ ಗೊತ್ತದ ಅಲ್ರಿ.”

“ಹಂಗಾರ ನಿಮ್ಮದೇನೂ ತಪ್ಪಿಲ್ಲ ಬಿಡ್ರಿ” ಎಂದಳು ಹಾಲವ್ವ, ಮತ್ತು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೋಡೆಯಾಚೆಯಿಂದ ಬಹಳ ಹೊತ್ತು ಅವಳ ದನಿ ಕೇಳುತ್ತಿತ್ತು: “ಒಂದ್ ತುತ್ತು ನನ್ನವ್ವಾ, ಒಂದಽ ತುತ್ತು, ಬಾಯಿ ತಗಿ…” ಈಚೆ ಕಡೆ ವೃಂದಾಳಿಗೆ ತಡೆಯಲಾರದ ಹಸಿವಾಗಿತ್ತು. ಅನ್ನ ಮಾಡಿಕೊಂಡು ಹೊಟ್ಟೆ ತುಂಬ ಉಂಡಳು. ಎಷ್ಟೋ ದಿನಗಳ ಮೇಲೆ ಅಂದು ಅವಳಿಗೆ ಗಾಢ ನಿದ್ದೆ ಬಂತು.