ಕದಲದ ಗಾಡಿ

ಮೊದಲು ತುಕ್ಕು, ಆಮೇಲೆ ಸಾವು, ಕೊನೆಗೆ ಬಣ್ಣ. ಅನುಕ್ರಮ ಇದೇ ಆಗಿರತಕ್ಕದ್ದು ಎಂದು ಅವನು ಮಳೆ ಹಿಡಿದುಕೊಂಡ ವಾರದಲ್ಲೇ ನಿಶ್ಚಯಿಸಿದ್ದ. ಸಾವು ಮೊದಲು, ರಿಪೇರಿ ಆಮೇಲೆ ಎನ್ನುವುದು ದಡ್ಡರ ಕ್ರಮ. ಗಾಡಿ ಗುದ್ದಿಸಿ ಒಬ್ಬನನ್ನು ಕೊಂದು, ಮರುದಿನ ನಜ್ಜುಗುಜ್ಜಾದ ಬಂಪರ್ ಹೊತ್ತುಕೊಂಡು ಗ್ಯಾರೇಜಿಗೆ ಓಡುವವರು ಸಿಕ್ಕಿಬೀಳದೆ ಇನ್ನೇನಾಗುತ್ತಾರೆ? ರಿಪೇರಿಯೇ ಮೊದಲು ಶುರುವಾಗಿ, ಬೀದಿಯವರೆಲ್ಲ ಅದನ್ನು ದಿನಬೆಳಗಾದರೆ ನೋಡುತ್ತಿದ್ದರೆ, ಆ ಗಾಡಿಯ ಮೇಲೆ ಅನುಮಾನ ಹುಟ್ಟಲು ಜಾಗವೇ ಇರುವುದಿಲ್ಲ.

ಸಾಯಬೇಕಾದವನು ಅಕ್ಕನ ಗಂಡ. ಮನೆ ಅಕ್ಕನ ಹೆಸರಿನಲ್ಲಿತ್ತು. ಅಕ್ಕನ ಬುದ್ಧಿ ಭಾವನ ಕೈಯಲ್ಲಿತ್ತು. ಮನೆಯ ಪಕ್ಕದ ಶೆಡ್ ಮಾತ್ರ ತಮ್ಮನ ಪಾಲಿಗೆ ಬಿಟ್ಟದ್ದು. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹಗಲೆಲ್ಲ ತಗಡುಗಳಿಗೆ ಬಣ್ಣ ಬಳಿದು, ಉಪ್ಪುನೀರು ಚಿಮುಕಿಸಿ, ಎಷ್ಟು ಹೊತ್ತಿಗೆ ತುಕ್ಕು ಏಳುತ್ತದೆಂದು ನೋಡುವ ಅವನಿಗೆ ಸಂಜೆಯ ಲೋಕವೆಂದರೆ ಆ ಶೆಡ್. ಗೋಡೆಯ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಗೆರೆ. ಕೆಳಗೆ ಅಪ್ಪ ಬಿಟ್ಟುಹೋದ ಹಳೆಯ ಪಿಕಪ್. ಭಾವನಿಗೆ ಅಲ್ಲಿ ಕಂಡದ್ದು ಖಾಲಿ ಜಾಗ.

"ಏನಪ್ಪಾ ಸೈಂಟಿಸ್ಟು," ಭಾವ ಊಟದ ಮಧ್ಯೆ ಕೇಳಿದ್ದ, "ಆ ಗಾಡಿಯಿಂದ ತುಕ್ಕೆಲ್ಲ ತೆಗೆದುಬಿಟ್ರೆ ಉಳಿಯೋದೇನು? ನಂಬರ್ ಪ್ಲೇಟಾ?"

ಅಕ್ಕ ನಗು ತಡೆಯಲಾರದೆ ನೀರು ಕುಡಿದಳು. "ಸುಮ್ನಿರ್ರೀ, ಅವನಿಗೆ ಬೇಜಾರಾಗುತ್ತೆ."

"ಬೇಜಾರ್ಯಾಕೆ? ಮುಂದಿನ ತಿಂಗಳು ಶೆಡ್ ಕೆಡವಿಸಿ ಅಲ್ಲೊಂದು ದೊಡ್ಡ ಉಯ್ಯಾಲೆ ಹಾಕಿಸ್ತೀನಿ. ನೀನೂ ಕೂತ್ಕೊಳೋ, ತಳ್ತೀನಿ."

ಉಯ್ಯಾಲೆ! ಬಾಯಿ ತೆರೆದರೆ ಹಲ್ಲು, ಹಲ್ಲಿನಾಚೆ ಬರಿಯ ಗಾಳಿ. ಅಂಥ ಮನುಷ್ಯನ ಒಂದು ಮಾತಿಗೆ ತನ್ನ ಶೆಡ್ ನೆಲಸಮವಾಗಬೇಕು. ಆತನಿಲ್ಲದಿದ್ದರೆ ಅಕ್ಕ ತಮ್ಮನ ಮಾತನ್ನಲ್ಲದೆ ಇನ್ಯಾರ ಮಾತು ಕೇಳುತ್ತಾಳೆ? ಅವನು ಆ ರಾತ್ರಿ ಸಿಟ್ಟಾಗಲಿಲ್ಲ. ಸಿಟ್ಟು ಅಳತೆ ತಪ್ಪಿಸುತ್ತದೆ.

ಮರುದಿನ ಪಿಕಪ್ಪನ್ನು ಶೆಡ್ಡಿನ ಬಾಯಿಗೆ, ಬೀದಿಗೆ ಎದ್ದು ಕಾಣುವಂತೆ ತಂದು, ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಏರಿಸಿ ಚಕ್ರ ಬಿಚ್ಚಿದ. ಬ್ಯಾಟರಿಯನ್ನೂ ಬಂಪರನ್ನೂ ಕಳಚಿದ. ಬಳಿಕ ಬಾಡಿಯ ಕೆಲಸ. ಅದನ್ನು ಅವನು ನಾಟಕಕ್ಕಾಗಿ ಮಾಡಲಿಲ್ಲ. ಕೆಟ್ಟ ಕೆಲಸವನ್ನು ನಟಿಸುವುದೂ ಅವನಿಗೆ ಅವಮಾನ. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟುತ್ತ, ಠಣ್ ಎಂದಲ್ಲಿ ಬಿಟ್ಟು, ಮೊದ್ದಾಗಿ ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿದ. ಬಾಗಿಲುಗಳ ಅಡಿಯಂಚು, ಚಕ್ರದ ಮೇಲಿನ ಕಮಾನು, ಹಿಂದಿನ ತೊಟ್ಟಿಯ ಮೂಲೆಗಳು ಒಳಗಿಂದಲೇ ಸತ್ತಿದ್ದವು. ಪೇಟೆಯ ಟಿಂಕರಿಂಗಿನವರು ಇಂಥದರ ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದು, ಹೊಸದೆಂದು ಕೈಮುಗಿಸಿಕೊಳ್ಳುತ್ತಾರೆ. ಅವನು ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿದ, ಅಳತೆಯ ತೇಪೆ ಕೂರಿಸಿ ವೆಲ್ಡ್ ಮಾಡಿದ, ಬೆಳ್ಳಗೆ ಬಂದ ಲೋಹದ ಮೇಲೆ ತಡಮಾಡದೆ ಪ್ರೈಮರ್ ಹಚ್ಚಿದ.

ಕಳಚಿಟ್ಟ ಭಾಗಗಳಿಗೆ ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿ. ಅದರಲ್ಲಿ ವಾಷಿಂಗ್ ಸೋಡಾ ಕರಗಿಸಿದ ನೀರು, ಬ್ಯಾಟರಿಯಿಂದ ಎಳೆದ ಎರಡು ತಂತಿ. ತುಕ್ಕು ಹಿಡಿದದ್ದನ್ನು ಮುಳುಗಿಸಿಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಕಳಚಿಕೊಳ್ಳುತ್ತದೆ. ತುಕ್ಕಿನ ಜೊತೆ ಇನ್ನೇನಿದ್ದರೂ ಕಳಚಿಕೊಳ್ಳುತ್ತದೆ ಎಂಬುದನ್ನು ಬೀದಿಯವರಿಗೆ ಹೇಳುವ ಅಗತ್ಯವಿರಲಿಲ್ಲ.

ಬೀದಿಯವರು ಬಂದರು, ನೋಡಿದರು, ಕೆಲಸಕ್ಕೆ ಬಾರದ ಸಲಹೆ ಕೊಟ್ಟರು. ಭಾವನೂ ದಿನಾ ಹಲ್ಲುಜ್ಜುತ್ತ ಬಂದು ನಿಲ್ಲುತ್ತಿದ್ದ. "ಬಂಪರ್ ಇಲ್ಲದ ಗಾಡಿ ನೋಡಿದ್ರೆ ಹಲ್ಲುಸೆಟ್ ತೆಗೆದಿಟ್ಟ ನಮ್ಮ ದೊಡ್ಡಪ್ಪನ ನೆನಪಾಗುತ್ತೆ ಕಣೋ." ತನ್ನ ಸಾಕ್ಷಿಗಳಲ್ಲಿ ಸತ್ತವನೂ ಒಬ್ಬನಾಗಿರುತ್ತಾನೆ ಎಂದು ಅವನು ಮನಸ್ಸಿನಲ್ಲೇ ಲೆಕ್ಕಕ್ಕೆ ಸೇರಿಸಿಕೊಂಡ.

ಎರಡು ವಾರ ಬಿಡದೆ ಮಳೆ. ಭಾವನ ಮುಂಜಾವಿನ ನಡಿಗೆ ಮಾತ್ರ ಮಳೆಗೂ ನಿಲ್ಲುವಂಥದ್ದಲ್ಲ. ಮುಚ್ಚಿಹೋದ ಗಿರಣಿಯ ಹಿಂದಿನ ಇಳಿಜಾರು ರಸ್ತೆಯಲ್ಲಿ, ಫೋನಿನಲ್ಲಿ ಹಾಡು ಹಾಕಿಕೊಂಡು, ನಟ್ಟನಡುವೆ. ಮೋಡ ಹರಿದ ಮೊದಲ ಬೆಳಗು, ಭಾವ ಹೊರಟ ಮೇಲೆ, ಬೀದಿ ಏಳುವ ಮುನ್ನ, ಅವನು ಚಕ್ರ ತೊಡಿಸಿದ, ಬ್ಯಾಟರಿ ಕೂರಿಸಿದ, ಹಳೆಯ ಬಂಪರನ್ನು ಎರಡೇ ಬೋಲ್ಟಿನಲ್ಲಿ ಬಿಗಿದ. ಅಕ್ಕ ಒಳಗೆ ಗಾಢ ನಿದ್ದೆಯಲ್ಲಿದ್ದಳು. ಅಂಗಳದ ಕಲ್ಲುಹಾಸು ಚಕ್ರದ ಗುರುತು ಹಿಡಿಯುವುದಿಲ್ಲ. ಅದನ್ನು ಮೊದಲೇ ಪರೀಕ್ಷಿಸಿದ್ದ.

ಸದ್ದು ಕೇಳಿ ಭಾವ ತಿರುಗಿದ. ಪಿಕಪ್ಪನ್ನು ಗುರುತು ಹಿಡಿದ. ಮುಖ ಅರಳಿತು, ಎರಡೂ ಕೈ ಮೇಲೆದ್ದವು. ಗಾಡಿ ಓಡಿತಲ್ಲಾ ಎಂಬ ಸಂಭ್ರಮ. ಕೊನೆಯ ಗಳಿಗೆಯಲ್ಲೂ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳಲಾರದ ತಲೆ ಎಂದುಕೊಂಡು ಅವನು ಆಕ್ಸಿಲರೇಟರ್ ಒತ್ತಿದ.

ಮರಳಿ ಬಂದು ಎಲ್ಲವನ್ನೂ ಹಿಮ್ಮುಖ ಕ್ರಮದಲ್ಲಿ ಮುಗಿಸಿದ. ಗಾಡಿ ಸ್ಟ್ಯಾಂಡಿನ ಮೇಲೆ, ಚಕ್ರಗಳು ಗೋಡೆಗೆ, ಬಂಪರ್ ಸೋಡಾನೀರಿನ ತೊಟ್ಟಿಯೊಳಗೆ. ಯಾರೋ ಓಡಿಬಂದು ಸುದ್ದಿ ಹೇಳಿದಾಗ ಅವನ ಕೈಯಲ್ಲಿ ಉಜ್ಜುವ ಕಾಗದವಿತ್ತು. ಅಕ್ಕನ ಚೀರಾಟಕ್ಕೆ ಅವನು ಸಿದ್ಧನಾಗಿದ್ದ. ಅವಳು ಚೀರದೆ ಹೊಸ್ತಿಲ ಮೇಲೆ ಕೂತುಬಿಟ್ಟದ್ದರಿಂದ ಸ್ವಲ್ಪ ಕಿರಿಕಿರಿಯಾಯಿತು.

ಮಧ್ಯಾಹ್ನ ಬಂದ ಇನ್ಸ್‌ಪೆಕ್ಟರ್ ನಡುವಯಸ್ಸಿನ ಹೆಂಗಸು. ನಿದ್ದೆಗೆಟ್ಟ ಕಣ್ಣು, ಕೆಸರು ಮೆತ್ತಿದ ಬೂಟು. ಇವಳಾ, ಎಂದುಕೊಂಡ ಅವನು.

"ತಪ್ಪು ತಿಳ್ಕೋಬೇಡಿ," ಎಂದಳು. "ಸುತ್ತಮುತ್ತಲ ಗಾಡಿಗಳನ್ನೆಲ್ಲ ನೋಡ್ತಾ ಇದ್ದೀವಿ. ಇದು ಎಷ್ಟು ದಿನದಿಂದ ಹೀಗಿದೆ?"

ಅವನು ಬಾಯಿ ತೆರೆಯುವ ಮೊದಲೇ ಎದುರುಮನೆಯ ಅಜ್ಜಿ ಬೇಲಿಯಾಚೆಯಿಂದ ಉತ್ತರಿಸಿದಳು. "ಇದಾ? ಎರಡು ವಾರದಿಂದ ಬರೀ ಕರಕರ ಅಂತ ಉಜ್ಜೋದೇ ಆಯ್ತಮ್ಮ. ನಮ್ಮ ಬೆಕ್ಕು ಇದರಡಿಯಲ್ಲೇ ಸಂಸಾರ ಹೂಡಿದೆ. ಗಾಡಿ ಅಲ್ಲ ಇದು, ಒರಳುಕಲ್ಲು!"

"ಕದಲಿಲ್ಲ," ಎಂದು ಅವನು ವಿನಯದಿಂದ ಒಪ್ಪಿದ. "ನನ್ನ ಕೆಲಸವೆಲ್ಲ ಬಾಡಿ ಮೇಲೆ ಮಾತ್ರ. ಬಿಚ್ಚಿದ ಮೇಲೆ ಚಕ್ರದ ಕಡೆ ಕೈಯನ್ನೇ ಹಾಕಿಲ್ಲ."

"ಕೆಲಸ ಚೆನ್ನಾಗಿದೆ. ನಮ್ಮನೆಯವರ ಗಾಡಿಗೂ ಹೀಗೇ ತುಕ್ಕು ಹಿಡಿದಿದೆ. ಯಾಕೆ ಇಷ್ಟು ಬೇಗ ಬರುತ್ತೆ ಇದು?"

ಅಜ್ಞಾನಿಗಳಿಗೆ ಪಾಠ ಹೇಳುವ ಅವಕಾಶವನ್ನು ಅವನು ಎಂದೂ ಬಿಟ್ಟವನಲ್ಲ. ಕಬ್ಬಿಣ, ನೀರು, ಗಾಳಿ. ಈ ಮೂರು ಸೇರಿದರೆ ಮುಗಿಯಿತು ಎಂದು, ಮಗುವಿಗೆ ಹೇಳುವಷ್ಟು ನಿಧಾನವಾಗಿ ವಿವರಿಸಿದ. "ಬಣ್ಣವಿಲ್ಲದ ಕಬ್ಬಿಣ ಇಂಥ ಹವೆಯಲ್ಲಿ ಒಂದು ರಾತ್ರಿ ಇದ್ದರೂ ಕೆಂಪಗಾಗುತ್ತೆ, ಮೇಡಂ. ಎರಡು ವಾರ ಬಿಟ್ಟರೆ ಪದರವೇ ಏಳುತ್ತೆ. ಅದು ನಿಯಮ. ವಿನಾಯಿತಿ ಇಲ್ಲ."

"ವಿನಾಯಿತಿನೇ ಇಲ್ವಾ?"

"ಇಲ್ಲ."

ಅವಳು ಮುಂದಿನ ಚಕ್ರವಿರಬೇಕಾದ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳು ಸ್ವಚ್ಛವಾಗಿತ್ತು. ಎದ್ದು ಇನ್ನೊಂದು ಬದಿಗೆ ಹೋಗಿ ಅಲ್ಲೂ ಹಾಗೆಯೇ ಮಾಡಿದಳು. ಆಮೇಲೆ ಆ ಬೆರಳನ್ನು ಅವನತ್ತ ಚಾಚಿ ತೋರಿಸಿದಳು. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡುಗಳು ಚಕ್ರದ ಒಳಬದಿಯ ಕಬ್ಬಿಣದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಕಚ್ಚಿ ಉಜ್ಜುತ್ತವೆ. ಇಳಿಜಾರಿನಲ್ಲಿ ಒಮ್ಮೆ ಹೋಗಿಬಂದರೆ ಸಾಕು, ಎಷ್ಟು ತುಕ್ಕಿದ್ದರೂ ಕನ್ನಡಿಯಾಗುತ್ತದೆ. ಅವನಿಗೆ ಇದು ಗೊತ್ತಿರದ ವಿಷಯವೇನಲ್ಲ. ಬಣ್ಣ ಬಳಿಯದ ಲೋಹದ ಬಗ್ಗೆ ಯೋಚಿಸುವ ರೂಢಿ ಅವನಿಗಿರಲಿಲ್ಲ, ಅಷ್ಟೇ. ಎರಡು ವಾರ ಮಳೆಗಾಳಿಗೆ ಬಿಚ್ಚಿಟ್ಟಿದ್ದ, ಕದಲದ ಆ ಗಾಡಿಯ ಎರಡೂ ಬ್ರೇಕ್ ಡಿಸ್ಕುಗಳ ಮೇಲೆ ತುಕ್ಕು ಇರಲಿಲ್ಲ.